ಗರುಡಗಂಬವೂ ನಮ್ಮೂರ ವೀರಗಲ್ಲೂ

ಇಂದಿನ ಮಕ್ಕಳು ಪರದೆ ಮುಟ್ಟಿದರೆ ಸಾಕು, ದೂರದ ವೈಕಿಂಗರ ಹಡಗು, ಕತ್ತಿ ಎದುರಿಗೆ ಬರುತ್ತವೆ. ಸಂತೋಷವೇ. ಆದರೆ ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿಯ ಗರುಡಗಂಬವನ್ನು ನಾವೆಷ್ಟು ಜನ ನಿಂತು ನೋಡಿದ್ದೇವೆ? ಇಮ್ಮಡಿ ವೀರಬಲ್ಲಾಳನ ಅಂಗರಕ್ಷಕ ಕುವರ ಲಕ್ಷ್ಮ, ದೊರೆ ತೀರಿಕೊಂಡಾಗ ಕೊಟ್ಟ ಮಾತಿನಂತೆ ಮಡದಿ, ಸಂಗಡಿಗರೊಡನೆ ಪ್ರಾಣ ಬಿಟ್ಟ ಕಥೆ ಅಲ್ಲಿದೆ. ತಮ್ಮ ತಲೆಯನ್ನೇ ಕತ್ತರಿಸಿಕೊಳ್ಳುವ ವೀರರು ಕಂಬದ ಮೇಲಿದ್ದಾರೆ. ಅದೇ ಕಾಲದಲ್ಲಿ, 1220ರ ಸುಮಾರಿಗೆ, ಅರಸೀಕೆರೆಯ ಈಶ್ವರ ಗುಡಿ ಎದ್ದಿತು.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ನಮ್ಮ ಕೆರೆ ಏರಿಯ ವೀರಗಲ್ಲು ಯಾವ ಪಟ್ಟಿಯಲ್ಲೂ ಇಲ್ಲ. ಅದರ ಮೇಲೆ ಬಟ್ಟೆ ಒಗೆದವರು ನಾವೇ. ಸುವರ್ಣ ಮಹೋತ್ಸವದ ನೆನಪಿಗೆ ಅದನ್ನು ತೊಳೆದು ನಿಲ್ಲಿಸಿ, ಮಕ್ಕಳಿಗೆ ಅದರ ಕಥೆ ಹೇಳೋಣ.