ಕುದುರೆ ತಲೆಯನ್ನು ಮೊದಲು ಕಂಡಾಕೆ

ನೀಹಾರಿಕೆ ಎಂದರೆ ನಕ್ಷತ್ರಗಳ ನಡುವೆ ಹರಡಿಕೊಂಡಿರುವ ಅನಿಲ ಮತ್ತು ದೂಳಿನ ಮೋಡ. ಇವುಗಳ ಚಿತ್ರಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಮಹಾವ್ಯಾಧ ನಕ್ಷತ್ರಪುಂಜದ 'ಕುದುರೆ ತಲೆ'. ಕೆಂಪು ಪರದೆಯ ಮುಂದೆ ಕಪ್ಪು ಕುದುರೆಯೊಂದು ಕತ್ತೆತ್ತಿ ನಿಂತಂತೆ ಕಾಣುತ್ತದೆ. ಇದನ್ನು ಮೊದಲು ಗುರುತಿಸಿದ್ದು ಒಬ್ಬ ಮಹಿಳೆ, ಅದೂ ದೂರದರ್ಶಕಕ್ಕೆ ಕಣ್ಣಿಟ್ಟು ಅಲ್ಲ.

ವಿಲಿಯಮಿನಾ ಫ್ಲೆಮಿಂಗ್ ಸ್ಕಾಟ್ಲೆಂಡಿನ ಡಂಡಿಯಲ್ಲಿ 1857ರಲ್ಲಿ ಹುಟ್ಟಿದವರು. ಗಂಡನ ಜೊತೆ ಅಮೆರಿಕಕ್ಕೆ ಬಂದರು. ಬಸುರಿಯಾಗಿದ್ದಾಗಲೇ ಆತ ಬಿಟ್ಟುಹೋದ. ಹೊಟ್ಟೆಪಾಡಿಗೆ ಹಾರ್ವರ್ಡ್ ವೀಕ್ಷಣಾಲಯದ ನಿರ್ದೇಶಕ ಎಡ್ವರ್ಡ್ ಪಿಕರಿಂಗ್ ಅವರ ಮನೆಗೆಲಸಕ್ಕೆ ಸೇರಿದರು. 1881ರಲ್ಲಿ ಅದೇ ವೀಕ್ಷಣಾಲಯದಲ್ಲಿ ನೌಕರಿ ಸಿಕ್ಕಿತು. ಇಂಥ ಕೆಲಸದ ಹೆಂಗಸರನ್ನು ಕರೆಯುತ್ತಿದ್ದದ್ದು 'ಕಂಪ್ಯೂಟರ್' ಎಂದು! ಆಗ ಅದು ಯಂತ್ರದ ಹೆಸರಲ್ಲ, ಕೂತು ಲೆಕ್ಕ ಹಾಕುವವರ ಹೆಸರು. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ನನಗೆ ಇದನ್ನು ಓದಿ ನಗು ಬಂತು.

ರಾತ್ರಿ ಗಂಡಸರು ಗಾಜಿನ ಫಲಕದ ಮೇಲೆ ಆಕಾಶದ ಫೋಟೋ ತೆಗೆಯುವುದು, ಹಗಲು ಹೆಂಗಸರು ಭೂತಗನ್ನಡಿ ಹಿಡಿದು ಅದನ್ನು ಪರಿಶೀಲಿಸುವುದು, ಇದು ಅಲ್ಲಿನ ಕ್ರಮ. ನಿರ್ದೇಶಕರ ತಮ್ಮ ವಿಲಿಯಂ ಪಿಕರಿಂಗ್ 1888ರಲ್ಲಿ ತೆಗೆದ ಒಂದು ಫಲಕದಲ್ಲಿ, ಮಹಾವ್ಯಾಧನ ನಡುಪಟ್ಟಿಯ ಕೆಳಗೆ ಬೆಳಕಿನ ಒಂದು ಮಸುಕು ಪಟ್ಟೆ ಇತ್ತು. ರೊಟ್ಟಿಯ ಅಂಚನ್ನು ಕಚ್ಚಿದಂತೆ ಅದರಲ್ಲೊಂದು ಅರ್ಧವೃತ್ತ ಕಾಣೆಯಾಗಿರುವುದನ್ನು ಫ್ಲೆಮಿಂಗ್ ಕಂಡು ಬರೆದಿಟ್ಟರು.

ಅದು ಖಾಲಿ ಜಾಗವೋ, ಏನಾದರೂ ಅಡ್ಡ ಬಂದಿದೆಯೋ? ಅಡ್ಡ ಬಂದದ್ದೇ ಸರಿ ಎಂಬುದು ಗಟ್ಟಿಯಾಗಲು ಬಹಳ ಕಾಲ ಹಿಡಿಯಿತು. ಎಡ್ವರ್ಡ್ ಬರ್ನಾರ್ಡ್ 1919ರಲ್ಲಿ ಪ್ರಕಟಿಸಿದ ಕಪ್ಪು ನೀಹಾರಿಕೆಗಳ ಪಟ್ಟಿಯಲ್ಲಿ ಇದರ ಸಂಖ್ಯೆ 33. ಹಿಂದಿನ ಕೆಂಪು ಪರದೆ ಹೈಡ್ರೋಜನ್ ಅನಿಲ. ಹತ್ತಿರದ ಬಿಸಿ ನಕ್ಷತ್ರದ ಅತಿನೇರಳೆ ಕಿರಣ ಅದರ ಎಲೆಕ್ಟ್ರಾನುಗಳನ್ನು ಕಿತ್ತುಹಾಕುತ್ತದೆ, ಅವು ಮತ್ತೆ ಕೂಡಿಕೊಳ್ಳುವಾಗ ಕೆಂಪು ಬೆಳಕು ಬರುತ್ತದೆ. ಮುಂದಿರುವ ಕುದುರೆ ತಣ್ಣನೆಯ ಅನಿಲ, ದಟ್ಟ ದೂಳು. ಇಂಥ ಕತ್ತಲಲ್ಲೇ ಮೋಡ ತನ್ನ ಭಾರಕ್ಕೆ ತಾನೇ ಕುಸಿದು ಹೊಸ ನಕ್ಷತ್ರ ಹುಟ್ಟುವುದು. ಎಲ್ಲ ನೀಹಾರಿಕೆಯೂ ಹೀಗೆ ಬಾಣಂತಿಕೋಣೆಯಲ್ಲ. ಸೂರ್ಯನಂಥ ನಕ್ಷತ್ರ ಮುಪ್ಪಿನಲ್ಲಿ ಕಳಚಿದ ಹೊರಪದರಗಳೂ ನೀಹಾರಿಕೆಯಾಗುತ್ತವೆ, 1054ರಲ್ಲಿ ಚೀನೀಯರು ಕಂಡ ಮಹಾಸ್ಫೋಟದ ಚೂರುಗಳೂ ಆಗಿವೆ.

ಫ್ಲೆಮಿಂಗ್ ತಮ್ಮ ಜೀವಮಾನದಲ್ಲಿ 59 ನೀಹಾರಿಕೆ, 310 ಚಂಚಲ ನಕ್ಷತ್ರ ಪತ್ತೆಮಾಡಿದರು. 1900ರ ದಿನಚರಿಯಲ್ಲಿ, ತಮಗೆ ವರ್ಷಕ್ಕೆ 1500 ಡಾಲರ್, ಕೆಲವು ಗಂಡಸರಿಗೆ 2500 ಎಂದು ನೊಂದು ಬರೆದುಕೊಂಡಿದ್ದಾರೆ. ನನಗೆ ಇದಕ್ಕಿಂತ ಕಹಿ ಎನಿಸುವುದು ಇನ್ನೊಂದು. 1895ರಲ್ಲಿ ಡ್ರೇಯರ್ ಎಂಬ ಖಗೋಳಜ್ಞರು ನೀಹಾರಿಕೆಗಳ ಸೂಚಿ ಪ್ರಕಟಿಸಿದಾಗ ಹಾರ್ವರ್ಡಿನ ಶೋಧಗಳ ಮುಂದೆ 'ಪಿಕರಿಂಗ್' ಎಂದಷ್ಟೇ ಹಾಕಿದರು. ಓದಿದವರು ನಿರ್ದೇಶಕರೇ ಕಂಡುಹಿಡಿದರು ಅಂದುಕೊಂಡರು. 1908ರ ಎರಡನೇ ಸೂಚಿಯಲ್ಲಿ ಆಮೇಲಿನ ಶೋಧಗಳಿಗೆ ಫ್ಲೆಮಿಂಗ್ ಹೆಸರು ಬಂತು, ಕುದುರೆ ತಲೆಗೆ ಬರಲಿಲ್ಲ. ಮೂರು ವರ್ಷಕ್ಕೆ ಅವರು ತೀರಿಕೊಂಡರು.