ಸ್ವಯಂಚಾಲಿತ ಹಾಲು ಕರೆಯುವ ವ್ಯವಸ್ಥೆ

ಸ್ವಯಂಚಾಲಿತ ಹಾಲು ಕರೆಯುವ ವ್ಯವಸ್ಥೆಯು ಮನುಷ್ಯನ ನೇರ ನೆರವಿಲ್ಲದೆ ಹಸುವನ್ನು ಗುರುತಿಸಿ, ಅದರ ಕೆಚ್ಚಲನ್ನು ಶುಚಿಗೊಳಿಸಿ, ಹಾಲು ಕರೆದು, ಆ ಹಾಲಿನ ಗುಣವನ್ನು ಪರೀಕ್ಷಿಸುವ ಹೈನುಗಾರಿಕೆಯ ಯಂತ್ರೋಪಕರಣವಾಗಿದೆ. ಇದಕ್ಕೆ ಹಾಲು ಕರೆಯುವ ರೋಬಾಟ್ ಎಂಬ ಹೆಸರೂ ಬಳಕೆಯಲ್ಲಿದೆ. ಸಾಮಾನ್ಯ ಹಾಲು ಕರೆಯುವ ಯಂತ್ರವನ್ನು ಪ್ರತಿ ಹಸುವಿಗೂ ಒಬ್ಬ ಕೆಲಸಗಾರ ಜೋಡಿಸಬೇಕು. ಈ ವ್ಯವಸ್ಥೆಯಲ್ಲಿ ಆ ಕೆಲಸವನ್ನು ಯಂತ್ರದ ತೋಳು ಮಾಡುತ್ತದೆ. ಹಾಲು ಕರೆಯುವ ಹೊತ್ತನ್ನು ಇಲ್ಲಿ ಗೋಪಾಲಕ ನಿಗದಿಪಡಿಸುವುದಿಲ್ಲ. ಹಸುವೇ ತನಗೆ ಬೇಕಾದಾಗ ಯಂತ್ರದ ಬಳಿಗೆ ಬರುತ್ತದೆ ಎಂಬುದು ಇದರ ಮುಖ್ಯ ವೈಶಿಷ್ಟ್ಯ.

ಇತಿಹಾಸ

ಕೈಯಿಂದ ಹಾಲು ಕರೆಯುವ ಶ್ರಮವನ್ನು ತಗ್ಗಿಸುವ ಪ್ರಯತ್ನಗಳು 19ನೆಯ ಶತಮಾನದಲ್ಲಿಯೇ ಆರಂಭವಾದವು. ಆರಂಭದ ಯಂತ್ರಗಳು ಒಂದೇ ಸಮನೆ ಹೀರುತ್ತಿದ್ದುದರಿಂದ ಮೊಲೆತೊಟ್ಟಿನಲ್ಲಿ ರಕ್ತ ಕಟ್ಟಿ ಹಸುವಿಗೆ ನೋವಾಗುತ್ತಿತ್ತು. 1890ರ ದಶಕದಲ್ಲಿ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಶೀಲ್ಸ್ ಬಿಟ್ಟು ಬಿಟ್ಟು ಹೀರುವ ಯಂತ್ರವನ್ನು ರೂಪಿಸಿದರು. 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಆಸ್ಟ್ರೇಲಿಯದ ಅಲೆಕ್ಸಾಂಡರ್ ಗಿಲ್ಲೀಸ್ ಎರಡು ಕೋಣೆಗಳುಳ್ಳ ಟೀಟ್ ಕಪ್ಪನ್ನು, ಅಂದರೆ ಮೊಲೆತೊಟ್ಟಿಗೆ ತೊಡಿಸುವ ಕೊಳವೆಯನ್ನು, ಬಳಕೆಗೆ ತಂದರು. ಇಂದಿನ ಯಂತ್ರಗಳೂ ಇದೇ ತತ್ತ್ವವನ್ನು ಅನುಸರಿಸುತ್ತವೆ.

ಎರಡನೆಯ ಮಹಾಯುದ್ಧದ ನಂತರ ಯೂರೋಪಿನಲ್ಲಿ ಕೂಲಿಯ ದರ ಏರಿತು. ದಿನಕ್ಕೆ ಎರಡು ಬಾರಿ, ವರ್ಷದ ಎಲ್ಲ ದಿನವೂ ತಪ್ಪದೆ ಮಾಡಬೇಕಾದ ಈ ಕೆಲಸಕ್ಕೆ ಆಳುಗಳು ದೊರೆಯುವುದು ಕಷ್ಟವಾಯಿತು. 1970ರ ದಶಕದಿಂದ ಸಂಶೋಧನೆ ಚುರುಕಾಯಿತು. ಹಸುವನ್ನು ವಿದ್ಯುನ್ಮಾನ ವಿಧಾನದಿಂದ ಗುರುತಿಸುವ ಸಮಸ್ಯೆ ಬೇಗ ಬಗೆಹರಿಯಿತು. ಒಂದೊಂದು ಹಸುವಿನಲ್ಲಿ ಒಂದೊಂದು ಬಗೆಯಾಗಿರುವ ಮೊಲೆತೊಟ್ಟುಗಳ ಸ್ಥಾನವನ್ನು ಕಂಡುಹಿಡಿದು ಕೊಳವೆಯನ್ನು ತೊಡಿಸುವುದೇ ದೊಡ್ಡ ತೊಡಕಾಗಿ ಉಳಿದಿತ್ತು. 1992ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಮೊದಲ ಬಾರಿಗೆ ರೈತರೊಬ್ಬರ ಕೊಟ್ಟಿಗೆಯಲ್ಲಿ ಇಂತಹ ವ್ಯವಸ್ಥೆ ಕೆಲಸ ಆರಂಭಿಸಿತು. ಅನಂತರ ಡೆನ್ಮಾರ್ಕ್, ಸ್ವೀಡನ್, ನಾರ್ವೆ, ಜರ್ಮನಿ, ಕೆನಡಾ ಮೊದಲಾದ ದೇಶಗಳಿಗೆ ಹರಡಿತು.

ಕಾರ್ಯವಿಧಾನ

ಪ್ರತಿ ಹಸುವಿನ ಕೊರಳಪಟ್ಟಿ ಅಥವಾ ಕಿವಿಯೋಲೆಯಲ್ಲಿ ರೇಡಿಯೋ ಸಂಕೇತ ನೀಡುವ ಚಿಪ್ ಇರುತ್ತದೆ. ಹಸು ಯಂತ್ರದ ಕಟಕಟೆಯನ್ನು ಪ್ರವೇಶಿಸಿದಾಗ ಗಣಕವು ಅದನ್ನು ಗುರುತಿಸಿ, ಹಿಂದಿನ ಬಾರಿ ಕರೆದು ಎಷ್ಟು ಹೊತ್ತಾಯಿತು ಎಂಬುದನ್ನು ಪರಿಶೀಲಿಸುತ್ತದೆ. ಸಾಕಷ್ಟು ಹೊತ್ತು ಕಳೆದಿರದಿದ್ದರೆ ಬಾಗಿಲು ತೆರೆದು ಹಸುವನ್ನು ಹೊರಗೆ ಕಳುಹಿಸುತ್ತದೆ. ಹೊತ್ತಾಗಿದ್ದರೆ ಮುಂದಿನ ತೊಟ್ಟಿಗೆ ಅಳತೆಮಾಡಿದ ಪಶು ಆಹಾರ ಬೀಳುತ್ತದೆ. ಹಸು ತಾನಾಗಿ ಬರುವುದಕ್ಕೆ ಕೆಚ್ಚಲಿನ ಭಾರಕ್ಕಿಂತ ಈ ಆಹಾರದ ಆಸೆಯೇ ಹೆಚ್ಚಿನ ಕಾರಣವೆಂದು ಸಂಶೋಧನೆಗಳು ತೋರಿಸಿವೆ.

ಹಸು ತಿನ್ನುತ್ತಿರುವಾಗ ಯಂತ್ರವು ತಿರುಗುವ ಕುಂಚ ಅಥವಾ ನೀರು ಹಾಯಿಸುವ ಬಟ್ಟಲಿನಿಂದ ಮೊಲೆತೊಟ್ಟುಗಳನ್ನು ತೊಳೆಯುತ್ತದೆ. ಇದು ಶುಚಿತ್ವಕ್ಕೆ ಮಾತ್ರವಲ್ಲ, ಹಸು ಸೊರ ಬಿಡುವುದಕ್ಕೂ ಅವಶ್ಯಕ. ಸ್ಪರ್ಶದಿಂದ ಹಸುವಿನ ರಕ್ತದಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಸೇರಿ, ಕೆಚ್ಚಲಿನ ಸಣ್ಣ ಕೋಶಗಳಲ್ಲಿರುವ ಹಾಲು ಕೆಳಗಿಳಿಯುತ್ತದೆ. ಹಸು ಬೆದರಿದರೆ ಈ ಕ್ರಿಯೆ ತಡೆಯಲ್ಪಡುತ್ತದೆ. ಆದ್ದರಿಂದ ಹೊಸ ಹಸುವನ್ನು ಯಂತ್ರಕ್ಕೆ ನಿಧಾನವಾಗಿ ಒಗ್ಗಿಸಬೇಕು.

ಬಳಿಕ ಲೇಸರ್ ಕಿರಣ ಅಥವಾ ಕ್ಯಾಮೆರಾದ ನೆರವಿನಿಂದ ಮೊಲೆತೊಟ್ಟುಗಳ ಸ್ಥಾನವನ್ನು ಕಂಡುಕೊಂಡು ಯಂತ್ರದ ತೋಳು ನಾಲ್ಕು ಕೊಳವೆಗಳನ್ನು ತೊಡಿಸುತ್ತದೆ. ಕೊಳವೆಯ ಲೋಹದ ಹೊದಿಕೆಗೂ ಒಳಗಿನ ರಬ್ಬರಿಗೂ ನಡುವೆ ನಿರ್ವಾತ ಉಂಟಾದಾಗ ರಬ್ಬರು ಅರಳಿ ಹಾಲು ಹರಿಯುತ್ತದೆ. ಗಾಳಿ ತುಂಬಿದಾಗ ರಬ್ಬರು ಕುಗ್ಗಿ ಮೊಲೆತೊಟ್ಟನ್ನು ಮೆಲ್ಲಗೆ ಅಮುಕುತ್ತದೆ. ನಿಮಿಷಕ್ಕೆ ಸುಮಾರು 60 ಬಾರಿ ಈ ಕ್ರಿಯೆ ನಡೆಯುತ್ತದೆ. ಕೆಚ್ಚಲಿನ ನಾಲ್ಕು ಭಾಗಗಳಿಂದ ಬರುವ ಹಾಲನ್ನು ಪ್ರತ್ಯೇಕವಾಗಿ ಅಳೆಯಲಾಗುತ್ತದೆ. ಯಾವ ಭಾಗ ಮೊದಲು ಬರಿದಾಗುವುದೋ ಆ ಕೊಳವೆ ಮೊದಲು ಕಳಚಿಕೊಳ್ಳುತ್ತದೆ. ಒಂದು ಕಟಕಟೆಯ ಒಂದು ಯಂತ್ರವು ಸಾಮಾನ್ಯವಾಗಿ 50ರಿಂದ 70 ಹಸುಗಳಿಗೆ ಸಾಕಾಗುತ್ತದೆ.

ಆರೋಗ್ಯದ ನಿಗಾ

ಕೈಯಿಂದ ಕರೆಯುವವರು ಮೊದಲ ಕೆಲವು ಧಾರೆಗಳನ್ನು ಕಣ್ಣಿನಿಂದ ನೋಡಿ, ಕೆಚ್ಚಲನ್ನು ಮುಟ್ಟಿ, ಕೆಚ್ಚಲು ಬಾವಿನ ಲಕ್ಷಣಗಳನ್ನು ತಿಳಿಯುತ್ತಾರೆ. ಹಾಲಿನಲ್ಲಿ ಗರಣೆ, ಬಣ್ಣದ ಬದಲಾವಣೆ, ಕೆಚ್ಚಲಿನ ಬಿಸಿ ಇವು ಆ ಲಕ್ಷಣಗಳು. ಕರೆಯುವವರೇ ಇಲ್ಲದ ಕೊಟ್ಟಿಗೆಯಲ್ಲಿ ಈ ಪರೀಕ್ಷೆಯನ್ನು ಯಾರು ಮಾಡಬೇಕು ಎಂಬುದು ಈ ತಂತ್ರಜ್ಞಾನದ ಮೂಲಪ್ರಶ್ನೆಗಳಲ್ಲಿ ಒಂದು. ಯೂರೋಪಿಯನ್ ಒಕ್ಕೂಟದ 2004ರ ಆಹಾರ ನೈರ್ಮಲ್ಯ ನಿಯಮವು ಪ್ರತಿ ಪ್ರಾಣಿಯ ಹಾಲನ್ನೂ ಕರೆಯುವವರು ಅಥವಾ ಅದಕ್ಕೆ ಸಮನಾದ ಫಲ ನೀಡುವ ವಿಧಾನವು ಪರೀಕ್ಷಿಸಬೇಕೆಂದು ಹೇಳುತ್ತದೆ.

ಕೆಚ್ಚಲು ಬಾವು ಬಂದಾಗ ಹಾಲಿನಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಅಂಶ ಹೆಚ್ಚಿ, ಹಾಲಿನ ವಿದ್ಯುತ್ ವಾಹಕತೆ ಏರುತ್ತದೆ. ಯಂತ್ರವು ಈ ವಾಹಕತೆ, ಹಾಲಿನ ಬಣ್ಣ ಮತ್ತು ಪ್ರಮಾಣಗಳನ್ನು ಅಳೆಯುತ್ತದೆ. ಕೆಲವು ಯಂತ್ರಗಳು ಹಾಲಿನಲ್ಲಿರುವ ದೇಹಕೋಶಗಳ ಸಂಖ್ಯೆಯನ್ನೂ ಎಣಿಸುತ್ತವೆ. ಸಂಶಯ ಬಂದ ಹಾಲನ್ನೂ ಗಿಣ್ಣು ಹಾಲನ್ನೂ ಬೇರೆ ಪಾತ್ರೆಗೆ ಹರಿಸಬಹುದು. ಕೊರಳಪಟ್ಟಿಯಲ್ಲಿರುವ ಸಂವೇದಕವು ಹಸುವಿನ ಓಡಾಟ ಮತ್ತು ಮೆಲುಕು ಹಾಕುವ ಅವಧಿಯನ್ನು ದಾಖಲಿಸುತ್ತದೆ. ಓಡಾಟ ಹೆಚ್ಚಿದ್ದರೆ ಹಸು ಬೆದೆಗೆ ಬಂದಿರಬಹುದು, ಮೆಲುಕು ತಗ್ಗಿದ್ದರೆ ಅನಾರೋಗ್ಯವಿರಬಹುದು.

ಈ ಸೂಚನೆಗಳು ರೋಗನಿರ್ಣಯವಲ್ಲ. ಯಂತ್ರವು ಆರೋಗ್ಯವಂತ ಹಸುವನ್ನು ರೋಗಿಯೆಂದೂ, ರೋಗಿಯನ್ನು ಆರೋಗ್ಯವಂತವೆಂದೂ ತಪ್ಪಾಗಿ ಸೂಚಿಸುವುದುಂಟು. ಪಟ್ಟಿಯಲ್ಲಿ ಹೆಸರು ಬಂದ ಹಸುವಿನ ಕೆಚ್ಚಲನ್ನು ಗೋಪಾಲಕ ಸ್ವತಃ ಪರೀಕ್ಷಿಸುವುದು ಅನಿವಾರ್ಯ.

ಗೋಪಾಲಕನ ಕೆಲಸದಲ್ಲಿ ಬದಲಾವಣೆ

ಈ ವ್ಯವಸ್ಥೆಯು ದುಡಿಮೆಯನ್ನು ಇಲ್ಲವಾಗಿಸುವುದಿಲ್ಲ, ಅದರ ಸ್ವರೂಪವನ್ನು ಬದಲಿಸುತ್ತದೆ. ನಸುಕಿನಲ್ಲಿ ಎದ್ದು ಕರೆಯುವ ಕಟ್ಟುಪಾಡು ತಪ್ಪುತ್ತದೆ. ಅದರ ಬದಲು ಗಣಕದ ಪಟ್ಟಿಗಳನ್ನು ಓದುವುದು, ಹೊತ್ತಾದರೂ ಬಾರದ ಹಸುವನ್ನು ಅಟ್ಟಿ ತರುವುದು, ಯಂತ್ರವನ್ನು ಶುಚಿಯಾಗಿಡುವುದು ದಿನಚರಿಯಾಗುತ್ತವೆ. ಯಂತ್ರ ಹಗಲಿರುಳೂ ನಡೆಯುವುದರಿಂದ ಕೆಟ್ಟಾಗ ಮಧ್ಯರಾತ್ರಿಯಲ್ಲೂ ಮೊಬೈಲಿಗೆ ಕರೆ ಬರುತ್ತದೆ. ಹಸುವನ್ನು ದಿನಕ್ಕೆ ಎರಡು ಬಾರಿ ಕಡ್ಡಾಯವಾಗಿ ಮುಟ್ಟುತ್ತಿದ್ದ ಸಂದರ್ಭ ಇಲ್ಲವಾಗುವುದರಿಂದ, ಮಂದೆಯ ನಡುವೆ ಓಡಾಡಿ ಹಸುಗಳನ್ನು ಗಮನಿಸುವುದಕ್ಕೆ ಬೇರೆಯೇ ಸಮಯವನ್ನು ಮೀಸಲಿಡಬೇಕಾಗುತ್ತದೆ.

ಮಿತಿಗಳು

ಯಂತ್ರದ ಬೆಲೆ ಅಧಿಕ. ನಿರಂತರ ವಿದ್ಯುತ್, ಶುದ್ಧ ನೀರು ಮತ್ತು ಕರೆದೊಡನೆ ಬರುವ ತಂತ್ರಜ್ಞರು ಬೇಕು. ಮೊಲೆತೊಟ್ಟುಗಳು ತೀರ ಹತ್ತಿರವಿರುವ ಅಥವಾ ಕೆಚ್ಚಲು ಬಹಳ ಜೋತುಬಿದ್ದಿರುವ ಹಸುಗಳಿಗೆ ಯಂತ್ರ ಸರಿಹೊಂದುವುದಿಲ್ಲ. ದೂರದ ಹುಲ್ಲುಗಾವಲಿನಲ್ಲಿ ಮೇಯುವ ಹಸುಗಳು ತಾವಾಗಿ ಬರುವುದು ಕಡಿಮೆ. ಪದೇ ಪದೇ ಕರೆಯುವುದರಿಂದ ಹಾಲಿನ ಕೊಬ್ಬು ಒಡೆದು ರುಚಿ ಕೆಡುವ ಸಂಭವವೂ ಇದೆ.

ಭಾರತದಲ್ಲಿ

ಹಾಲಿನ ಉತ್ಪಾದನೆಯಲ್ಲಿ ಭಾರತ ಪ್ರಪಂಚದಲ್ಲಿಯೇ ಮೊದಲ ಸ್ಥಾನದಲ್ಲಿದೆ. ಆದರೆ ಆ ಹಾಲಿನ ಬಹುಪಾಲು ಒಂದೆರಡು ಹಸು ಅಥವಾ ಎಮ್ಮೆಗಳನ್ನು ಸಾಕುವ ಮನೆಗಳಿಂದ ಬರುತ್ತದೆ. ಹತ್ತಾರು ಹಸುಗಳಿಗಾಗಿ ರೂಪಿಸಿದ ರೋಬಾಟ್ ಇಂತಹ ಮನೆಗಳಿಗೆ ಹೊಂದುವುದಿಲ್ಲ. ಕರ್ನಾಟಕದಲ್ಲಿ ಮಧ್ಯಮ ಗಾತ್ರದ ಕೊಟ್ಟಿಗೆಗಳವರು ಹೆಚ್ಚಾಗಿ ಬಳಸುವುದು ಕ್ಯಾನಿಗೆ ಜೋಡಿಸಿದ, ತಳ್ಳಿಕೊಂಡು ಹೋಗಬಹುದಾದ ಸಣ್ಣ ಯಂತ್ರವನ್ನು. ಇದರ ಟೀಟ್ ಕಪ್ಪುಗಳನ್ನು ಕೈಯಿಂದಲೇ ತೊಡಿಸಬೇಕು.

ಇಲ್ಲಿ ಸ್ವಯಂಚಾಲನೆಯು ಕೊಟ್ಟಿಗೆಗಿಂತ ಮೊದಲು ಹಾಲಿನ ಡೇರಿಯನ್ನು ತಲುಪಿದೆ. ಕರ್ನಾಟಕ ಹಾಲು ಮಹಾಮಂಡಳಿಯ ವ್ಯಾಪ್ತಿಯ ಅನೇಕ ಗ್ರಾಮ ಸಹಕಾರ ಸಂಘಗಳಲ್ಲಿ ಹಾಲಿನ ತೂಕ ಮತ್ತು ಜಿಡ್ಡಿನ ಅಂಶವನ್ನು ವಿದ್ಯುನ್ಮಾನ ಯಂತ್ರಗಳು ಅಳೆದು ರೈತರಿಗೆ ಮುದ್ರಿತ ಚೀಟಿ ನೀಡುತ್ತವೆ. ಜಾನುವಾರುಗಳಿಗೆ 12 ಅಂಕಿಗಳ ಗುರುತಿನ ಸಂಖ್ಯೆಯುಳ್ಳ ಕಿವಿಯೋಲೆ ಹಾಕಿ ಅವುಗಳ ಲಸಿಕೆ ಮತ್ತು ಗರ್ಭಧಾರಣೆಯ ವಿವರಗಳನ್ನು ದಾಖಲಿಸುವ ಕಾರ್ಯಕ್ರಮವೂ ದೇಶಾದ್ಯಂತ ನಡೆದಿದೆ.