‘ಹತ್ತು’: ಸೊಲ್ಲಾಪುರ ಕನ್ನಡದ ಒಂದು ಕ್ರಿಯಾಪದ

ಇಂಗ್ಲಿಷಿನ ‘ಟೇಕ್’ ಮಾಡುವ ಕೆಲಸದ ಒಂದು ಪಾಲನ್ನು ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡದಲ್ಲಿ ‘ಹತ್ತು’ ಮಾಡುತ್ತದೆ: “ಅಕ್ಕಲಕೋಟಿಗೆ ಹೋಗಾಕ ತಾಸ ಹತ್ತತೈತಿ”, “ರೊಕ್ಕ ಭಾಳ ಹತ್ತತಾವ”. ‘ಮಳಿ ಬರಾಕ ಹತ್ತೈತಿ’ ಎಂಬಲ್ಲಿ ಅದು ಕ್ರಿಯೆ ನಡೆಯುತ್ತಿರುವುದನ್ನೂ ಹೇಳುತ್ತದೆ. ಇವೆಲ್ಲ ಮರಾಠಿ ‘ಲಾಗಣೆ’ಯ ನೆರಳು, 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಆಚೆ ಉಳಿದವರ ಕೆಟ್ಟ ಕನ್ನಡ ಎಂಬ ಮಾತುಂಟು. ನಾನಿದನ್ನು ಒಪ್ಪಲಾರೆ. ಹಳಗನ್ನಡದ ‘ಪತ್ತು’ ಎಂದರೆ ಅಂಟು. ‘ಲಾಗಣೆ’ಯ ಮೂಲವಾದ ಸಂಸ್ಕೃತ ‘ಲಗ್’ಗೂ ಅದೇ ಅರ್ಥ. ಎರಡೂ ಒಂದೇ ಕಡೆಯಿಂದ ಹೊರಟವು. ಕಾಲ, ವೆಚ್ಚದ ಬಳಕೆಯನ್ನು ನೆರೆಮನೆಯ ಮರಾಠಿ ಗಟ್ಟಿಮಾಡಿರಬಹುದು, ಅಷ್ಟೇ. ‘ಬರಾಕ ಹತ್ತೈತಿ’ಯಂತೂ ಧಾರವಾಡದಲ್ಲೂ ಉಂಟು, ಅಲ್ಲಿ ಯಾರೂ ಅದನ್ನು ಮರಾಠಿಯೆನ್ನರು. ಮೂಲಾರ್ಥ ಬೇಕಾದವರು ಅಡಿಗೆಮನೆಯಲ್ಲಿ ಕೇಳಲಿ: “ಅನ್ನ ತಳ ಹತ್ತೈತಿ, ಒಲಿ ಸಣ್ಣ ಮಾಡ.”